ನಿವೇಶನದ ಮಟ್ಟವೂ ಮಳೆಯ ನೀರಿನ ಹಾದಿಯೂ

ಹೊಲಕ್ಕೆ ಬದು ಹಾಕುವಾಗ ನೀರು ಯಾವ ಕಡೆಗೆ ಹರಿಯುವುದೆಂದು ನೋಡದ ರೈತನು ನಮ್ಮ ಸೀಮೆಯಲ್ಲಿ ಇಲ್ಲವೆಂದೇ ಹೇಳಬಹುದು. ಆದರೆ ಅದೇ ರೈತನು ಮನೆಯನ್ನೋ, ಧಾನ್ಯದ ಉಗ್ರಾಣವನ್ನೋ, ರಸ್ತೆಯ ಪಕ್ಕದಲ್ಲಿ ಮಳಿಗೆಗಳನ್ನೋ ಕಟ್ಟಿಸಲು ಹೊರಟಾಗ, ಆಯ ಮುಹೂರ್ತಗಳನ್ನು ವಿಚಾರಿಸುವಷ್ಟು ಶ್ರದ್ಧೆಯಿಂದ ನೆಲದ ಇಳಿಜಾರನ್ನು ವಿಚಾರಿಸುವುದಿಲ್ಲ. ಗೋಡೆ ಎದ್ದು, ಸೂರು ಮುಗಿದು, ಮೊದಲನೆಯ ಮುಂಗಾರಿನಲ್ಲಿ ಅಂಗಳವು ಹೊಂಡವಾದ ಮೇಲೆ ಆ ವಿಚಾರವು ಏಳುತ್ತದೆ. ಆಗ ತಗಲುವ ವೆಚ್ಚವು ಬಹಳ. ದೊರೆಯುವ ಫಲವು ಸ್ವಲ್ಪ. ಪಾಯಕ್ಕೆ ಗುದ್ದಲಿ ಬೀಳುವುದಕ್ಕೆ ಮುಂಚೆಯೇ ನಿವೇಶನದ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗತಕ್ಕದ್ದೆಂಬುದನ್ನು ಗೊತ್ತುಮಾಡಬೇಕು. ಆ ಹಾದಿಯು ನೆರೆಯವನ ಗೋಡೆಯ ಬುಡದಲ್ಲಿ ಕೊನೆಗೊಳ್ಳಕೂಡದು. ಇವೆರಡನ್ನು ಮನಗಾಣಿಸುವುದೇ ಈ ಲೇಖನದ ಉದ್ದೇಶ.

ನೀರಿನ ಲೆಕ್ಕ

ಮೊದಲು ನೀರಿನ ಪರಿಮಾಣವನ್ನು ತಿಳಿಯೋಣ. 30 ಅಡಿ ಅಗಲ, 40 ಅಡಿ ಉದ್ದದ ಮನೆಯ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಶೇಖರವಾಗುವ ನೀರು 100 ಘನ ಅಡಿ, ಎಂದರೆ ಸುಮಾರು 2,800 ಲೀಟರು. 200 ಲೀಟರು ಹಿಡಿಯುವ ಪೀಪಾಯಿಗಳಲ್ಲಿ ತುಂಬಿದರೆ 14 ಪೀಪಾಯಿಗಳಾಗುತ್ತವೆ. ಒಂದು ಎಕರೆಯ ಅಂಗಳದ ಮೇಲೆ ಇದೇ ಮಳೆಯಿಂದ ಒಂದು ಲಕ್ಷ ಲೀಟರಿಗೂ ಮಿಕ್ಕು ನೀರು ಬೀಳುತ್ತದೆ. ಆ ಎಕರೆಯು ಉತ್ತ ಹೊಲವಾಗಿದ್ದಾಗ ಬಹಳಷ್ಟು ನೀರನ್ನು ತಾನೇ ಕುಡಿದು, ಉಳಿದುದನ್ನು ಮೆಲ್ಲಗೆ ಬಿಡುತ್ತಿತ್ತು. ತಗಡಿನ ಸೂರೂ ಕಾಂಕ್ರೀಟಿನ ಅಂಗಳವೂ ಬಂದ ಮೇಲೆ ಹೆಚ್ಚುಕಡಿಮೆ ಅಷ್ಟೂ ನೀರು ಬಿದ್ದೊಡನೆಯೇ ಓಡತೊಡಗುತ್ತದೆ. ಹೊಲವನ್ನು ನಿವೇಶನವನ್ನಾಗಿ ಮಾಡುವವನು ಭೂಮಿಯ ಉಪಯೋಗದೊಂದಿಗೆ ನೀರಿನ ವೇಗವನ್ನೂ ಬದಲಾಯಿಸುತ್ತಾನೆಂಬುದನ್ನು ಮರೆಯಬಾರದು.

ನೆಲದ ಗುಣ

ಕೆಂಪು ಮಸಾರಿ ನೆಲದಲ್ಲಿ ನೀರು ಬೇಗನೆ ಇಂಗುತ್ತದೆ. ಆದರೂ ಗೋಡೆಯ ಬುಡದಲ್ಲಿ ದಿನಗಟ್ಟಲೆ ನಿಂತರೆ ತೇವವು ಮೇಲಕ್ಕೆ ಹತ್ತಿ, ಗಾರೆಯು ಉದುರಿ, ಮಣ್ಣಿನ ಗೋಡೆಯಾದರೆ ಬುಡವೇ ಸವೆದುಹೋಗುತ್ತದೆ.

ಎರೆಯ ನೆಲದ ಸ್ವಭಾವವು ಇದಕ್ಕಿಂತ ಕಠಿನವಾದುದು. ಆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿಯು ಹೆಚ್ಚಾಗಿರುವುದು. ಅದರ ಸೂಕ್ಷ್ಮವಾದ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮನೆಯ ಹೊರಗಡೆಯ ನೆಲವು ನೆನೆದು, ಒಳಗಡೆಯ ನೆಲವು ಒಣಗಿಯೇ ಇದ್ದರೆ, ಪಾಯವು ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಏಳುವುದಿಲ್ಲ. ಬಾಗಿಲು ಕಿಟಕಿಗಳ ಮೂಲೆಗಳಿಂದ ಓರೆಯಾಗಿ ಹೊರಡುವ ಬಿರುಕುಗಳಿಗೆ ಬಹುಮಟ್ಟಿಗೆ ಇದೇ ಕಾರಣ. ಇಂಥ ನೆಲಕ್ಕಾಗಿ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಂಟೆಯಂತೆ ಅಗಲವಾಗುವ ಕಾಂಕ್ರೀಟಿನ ಕಂಬಗಳ ಪಾಯವನ್ನು ರೂಪಿಸಿದ್ದಾರೆ. ಆಳವಾದ ಎರೆಯಲ್ಲಿ ಇವನ್ನು ಸುಮಾರು 3.5 ಮೀಟರಿಗೆ ಕಡಿಮೆಯಿಲ್ಲದಂತೆ ಇಳಿಸುವುದು ವಾಡಿಕೆ. ದೊಡ್ಡ ಕಟ್ಟಡ ಕಟ್ಟಿಸುವವರು ಇದನ್ನು ಇಂಜಿನಿಯರೊಡನೆ ವಿಚಾರಿಸತಕ್ಕದ್ದು. ಆದರೆ ಪಾಯವು ಎಂಥದೇ ಆಗಿರಲಿ, ಗೋಡೆಯ ಸುತ್ತ ನೀರು ನಿಲ್ಲದಂತೆ ಮಾಡುವ ಕೆಲಸವು ತಪ್ಪಿದ್ದಲ್ಲ.

2009ನೆಯ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಿನಲ್ಲಿಯೂ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಸುರಿದ ಮಳೆಯನ್ನು ಆ ಸೀಮೆಯವರು ಮರೆತಿರಲಾರರು. ಹೊಳೆಯ ದಂಡೆಯ ಊರುಗಳು ನೆರೆಯಿಂದ ಹಾಳಾದವು; ಹೊಳೆಯ ನೀರು ಮುಟ್ಟದ ಎಷ್ಟೋ ಕಡೆಗಳಲ್ಲಿ ಸಹ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಇನ್ನೂರಕ್ಕೂ ಹೆಚ್ಚು ಜನರು ಆ ಅನಾಹುತದಲ್ಲಿ ಪ್ರಾಣ ಕಳೆದುಕೊಂಡರು. ಅಂಥ ಮಳೆಯನ್ನು ತಡೆಯುವುದು ಯಾರಿಂದಲೂ ಆಗದು. ಗೋಡೆಯ ಬುಡದಲ್ಲಿ ನಿಲ್ಲುವ ನೀರನ್ನು ತಡೆಯುವುದು ಪ್ರತಿಯೊಬ್ಬ ಗೃಹಸ್ಥನಿಂದಲೂ ಸಾಧ್ಯ.

ಮಟ್ಟ ನೋಡುವ ಕ್ರಮ

ಕಣ್ಣಂದಾಜನ್ನು ನಂಬಬಾರದು. ಚಪ್ಪಟೆಯಾಗಿ ಕಾಣುವ ನೆಲದಲ್ಲಿ ಒಂದಡಿಯ ಇಳಿಜಾರಿರುವುದು ಅಪರೂಪವಲ್ಲ. ಮೇಸ್ತ್ರಿಗಳ ಬಳಿ ಇರುವ ಪಾರದರ್ಶಕ ಕೊಳವೆಯೊಂದೇ ಸಣ್ಣ ನಿವೇಶನಕ್ಕೆ ಸಾಕು. ಗಾಳಿಯ ಗುಳ್ಳೆಯಿಲ್ಲದಂತೆ ಅದರಲ್ಲಿ ನೀರು ತುಂಬಿ, ಒಂದು ತುದಿಯನ್ನು ಮನೆಯ ಮೂಲೆಯ ಗೂಟಕ್ಕೂ ಮತ್ತೊಂದನ್ನು ನೀರು ಹೊರಬೀಳುವ ಕಡೆಯ ಗೂಟಕ್ಕೂ ಹಿಡಿದರೆ, ಎರಡು ಕಡೆಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

ಉದಾಹರಣೆ: ಮನೆಯ ಮೂಲೆಯಲ್ಲಿ ನೀರಿನ ಗೆರೆಯು ನೆಲದಿಂದ 3 ಅಡಿ ಎತ್ತರದಲ್ಲಿಯೂ, 50 ಅಡಿ ದೂರದ ಚರಂಡಿಯ ಬಾಯಿಯಲ್ಲಿ 4 ಅಡಿ 2 ಅಂಗುಲ ಎತ್ತರದಲ್ಲಿಯೂ ಇದ್ದರೆ, ಅಷ್ಟು ದೂರಕ್ಕೆ ಇಳಿತವು 14 ಅಂಗುಲ. ಮನೆಯ ಪಕ್ಕದ ಮೊದಲ 10 ಅಡಿಗೆ 6 ಅಂಗುಲ ಇಳಿಜಾರು ಬೇಕು. ಉಳಿದ 40 ಅಡಿಯ ಚರಂಡಿಗೆ ನೂರು ಅಡಿಗೆ ಒಂದು ಅಡಿಯ ಮೇರೆಗೆ ಸುಮಾರು 5 ಅಂಗುಲ ಬೇಕು. ಒಟ್ಟು 11 ಅಂಗುಲವಾಯಿತು; 3 ಅಂಗುಲ ಮಿಕ್ಕಿತು. ಹೀಗೆ ಮಿಗದಿದ್ದಲ್ಲಿ ಮನೆಯ ನೆಲವನ್ನು ಎತ್ತರಿಸಬೇಕು, ಇಲ್ಲವೆ ಬೇರೆ ದಿಕ್ಕಿನಲ್ಲಿ ಹಾದಿಯನ್ನು ಹುಡುಕಬೇಕು. ಎಕರೆಗಟ್ಟಲೆ ನೆಲದಲ್ಲಿ ಗಿರಣಿಯನ್ನೋ ಬಡಾವಣೆಯನ್ನೋ ಮಾಡುವವರು ಮಾತ್ರ ತಿಳಿದ ಸರ್ವೆಯವರಿಂದ ಲೆವೆಲ್ ಯಂತ್ರದ ಮೂಲಕ ಮಟ್ಟ ತೆಗೆಯಿಸಿ, ನಕ್ಷೆ ಬರೆಯಿಸಿದ ನಂತರವೇ ಮಣ್ಣಿಗೆ ಕೈ ಹಾಕತಕ್ಕದ್ದು.

ಮೇಲ್ಮಣ್ಣೂ ತುಂಬುಮಣ್ಣೂ

ಹೊಲದ ಮೇಲಿನ ಆರಂಗುಲ ಮಣ್ಣು ಅನೇಕ ವರ್ಷಗಳ ಗೊಬ್ಬರದ ಫಲ. ಅದನ್ನು ಕಟ್ಟಡದ ಕೆಳಗೆ ಹೂಳುವುದರಿಂದ ಎರಡು ನಷ್ಟಗಳುಂಟು. ಬೆಳೆಯ ಸಾರವು ವ್ಯರ್ಥವಾಗುವುದು ಒಂದು. ಅದರಲ್ಲಿನ ಬೇರು ಕಸಗಳು ಕೊಳೆತು ನೆಲವು ಕುಸಿಯುವುದು ಮತ್ತೊಂದು. ಆದಕಾರಣ ಅದನ್ನು ಮೊದಲೇ ಕೆರೆದು ಒಂದು ಕಡೆ ರಾಶಿಮಾಡಿ, ಕೆಲಸ ಮುಗಿದ ಮೇಲೆ ಹಿತ್ತಲಿಗಾಗಲಿ ಹೊಲಕ್ಕಾಗಲಿ ಹರಡಬೇಕು.

ತುಂಬುವುದಕ್ಕೆ ಗರಸು ಮಣ್ಣು ಉತ್ತಮ. ಎರೆಯ ಮಣ್ಣನ್ನು ಎಂದಿಗೂ ತುಂಬಕೂಡದು. ಲಾರಿಗಟ್ಟಲೆ ಮಣ್ಣನ್ನು ಒಮ್ಮೆಗೇ ಸುರಿದು ಮೇಲೆ ಮಟ್ಟ ಮಾಡಿಬಿಡುವ ಪದ್ಧತಿಯು ಈಚೆಗೆ ಹೆಚ್ಚಾಗಿದೆ. ಇಂಥ ನೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಲ್ಲಿ ತಗ್ಗಾಗುತ್ತದೆ. ಆರರಿಂದ ಒಂಬತ್ತು ಅಂಗುಲದ ಪದರವನ್ನು ಹರಡಿ, ಹದವಾಗಿ ನೀರು ಚಿಮುಕಿಸಿ, ದಮ್ಮಸು ಮಾಡಿ, ಅನಂತರ ಮುಂದಿನ ಪದರವನ್ನು ಹಾಕಬೇಕು. ಹದವನ್ನು ರೈತನಿಗೆ ಕಲಿಸಬೇಕಾದುದಿಲ್ಲ: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಕೆಸರು ಅಂಟಬಾರದು.

ಮನೆಯ ಒಳನೆಲವು ಸುತ್ತಲಿನ ನೆಲಕ್ಕಿಂತ ಒಂದೂವರೆ ಅಡಿಗೆ ಕಡಿಮೆಯಿಲ್ಲದಂತೆ ಎತ್ತರವಾಗಿರಲಿ. ಗೋಡೆಯ ಸುತ್ತ ಮೂರು ನಾಲ್ಕು ಅಡಿ ಅಗಲಕ್ಕೆ ಕಲ್ಲುಚಪ್ಪಡಿಯನ್ನು ಹೊರಮುಖವಾಗಿ ಇಳಿಜಾರು ಕೊಟ್ಟು ಹಾಸಿದರೆ ಎರೆಯ ನೆಲದಲ್ಲಿ ಬಹಳ ರಕ್ಷಣೆಯುಂಟು. ಬಚ್ಚಲ ನೀರನ್ನು ಗೋಡೆಯ ಪಕ್ಕದಲ್ಲಿ ಬಿಡದೆ, ದೂರದ ಬಾಳೆ ತೆಂಗುಗಳ ಪಾತಿಗೆ ಒಯ್ಯಬೇಕು.

ಉಗ್ರಾಣಗಳೂ ಮಳಿಗೆಗಳೂ

ವ್ಯಾಪಾರದ ಕಟ್ಟಡಗಳಲ್ಲಿ ನಷ್ಟವು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಬತ್ತದಲ್ಲಿ ತೇವವು ಶೇಕಡ 14ಕ್ಕೆ ಮೀರಿದರೆ ಬೂಷ್ಟು ಹಿಡಿಯುವ ಭಯವುಂಟು. ನೆಲದಿಂದ ತೇವವನ್ನು ಹೀರುವ ಉಗ್ರಾಣದಲ್ಲಿ ಎಷ್ಟು ಒಣಗಿಸಿದ ಧಾನ್ಯವಾದರೂ ಕೆಡುತ್ತದೆ. ಉಗ್ರಾಣದ ನೆಲವನ್ನು ಲಾರಿಯ ಹಲಗೆಯ ಎತ್ತರಕ್ಕೆ, ಎಂದರೆ ಸುಮಾರು ಮೂರು ಅಡಿಗೆ ಎತ್ತರಿಸಿದರೆ ಮೂಟೆ ಏರಿಸುವುದಕ್ಕೂ ಅನುಕೂಲ, ತೇವದಿಂದಲೂ ರಕ್ಷಣೆ. ಅಂಗಳದ ಕಾಂಕ್ರೀಟಿಗೆ ಅಡಿಗೆ ಕಾಲಂಗುಲದಂತೆ ಇಳಿಜಾರು ಸಾಕು. ಸೂರಿನ ನೀರನ್ನು ದೋಣಿಯಲ್ಲಿ ಹಿಡಿದು ತೊಟ್ಟಿಗೋ ಇಂಗುಗುಂಡಿಗೋ ಬಿಟ್ಟರೆ ಚರಂಡಿಯ ಭಾರವು ಇಳಿಯುತ್ತದೆ. ಇಂಗುಗುಂಡಿಯು ಕೆಂಪು ನೆಲಕ್ಕೆ ಸರಿ. ಎರೆಯಲ್ಲಿ ಅದು ತುಂಬಿ ನಿಲ್ಲುವುದೇ ಹೆಚ್ಚು.

ನೆರೆಯವನ ಹಕ್ಕು

ಮೇಲಿನ ಭೂಮಿಯಲ್ಲಿ ಬಿದ್ದ ಮಳೆಯ ನೀರು ಸಹಜವಾಗಿ ಕೆಳಗಿನ ಭೂಮಿಗೆ ಹರಿಯುವುದಕ್ಕೆ ಕೆಳಗಿನವನು ಅವಕಾಶ ಕೊಡಬೇಕೆಂಬುದನ್ನು 1882ನೆಯ ಈಸ್ಮೆಂಟ್ ಕಾಯಿದೆಯ 7ನೆಯ ಕಲಮು ಉದಾಹರಣೆಸಮೇತ ಹೇಳಿದೆ. ಕೆಳಗಿನ ಹೊಲವನ್ನು ಮೂರಡಿ ಎತ್ತರಿಸಿ ಗೋಡೆ ಕಟ್ಟುವವನು ಇದನ್ನು ನೆನೆಯಬೇಕು. ಆ ಹಕ್ಕು ಸಹಜವಾದ ಹರಿವಿಗೆ ಸಂಬಂಧಪಟ್ಟದ್ದೆಂಬುದನ್ನು ಮೇಲಿನವನೂ ನೆನೆಯಬೇಕು. ತನ್ನ ಅಂಗಳದ ನೀರನ್ನೆಲ್ಲ ಕೊಳವೆಯಲ್ಲಿ ಕೂಡಿಸಿ ಬಡವನ ಗೋಡೆಗೆ ಹಾಯಿಸುವುದು ನ್ಯಾಯವಲ್ಲ. 1964ನೆಯ ಭೂಕಂದಾಯ ಕಾಯಿದೆಯ 95ನೆಯ ಕಲಮಿನ ಪ್ರಕಾರ ಸಾಗುವಳಿ ಭೂಮಿಯನ್ನು ಇತರ ಉಪಯೋಗಕ್ಕೆ ಪರಿವರ್ತಿಸಲು ಅರ್ಜಿ ಹಾಕುವ ಕಾಲದಲ್ಲಿಯೇ ನೀರಿನ ಹಾದಿಯನ್ನು ನಕ್ಷೆಯಲ್ಲಿ ಗುರುತಿಸಿಟ್ಟರೆ ಮುಂದಿನ ವ್ಯಾಜ್ಯಗಳೆಷ್ಟೋ ತಪ್ಪುತ್ತವೆ.

ಹಾದಿಯನ್ನು ಮುಚ್ಚಿದರೆ ಏನಾಗುವುದೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ಅಲ್ಲಿನ ಕೆರೆಗಳು ಒಂದರ ಕೋಡಿಯ ನೀರು ಮತ್ತೊಂದಕ್ಕೆ ಹರಿಯುವಂತೆ ರಾಜಕಾಲುವೆಗಳಿಂದ ಸರಪಣಿಯಾಗಿ ಕಟ್ಟಲ್ಪಟ್ಟವು. ಕಾಲುವೆಗಳು ಒತ್ತುವರಿಯಾಗಿ, ತಗ್ಗು ನೆಲಗಳು ಬಡಾವಣೆಗಳಾದ ಕಡೆಗಳಲ್ಲಿ, 2022ನೆಯ ಸೆಪ್ಟೆಂಬರಿನ ಮಳೆಗೆ ಬಹು ಬೆಲೆಯ ಮನೆಗಳೂ ಕಚೇರಿಗಳೂ ಮುಳುಗಿ, ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ನಮ್ಮ ಹೋಬಳಿಯ ಊರುಗಳ ಅಂಚಿನಲ್ಲಿ ಇಂದು ನಿವೇಶನಗಳಾಗುತ್ತಿರುವ ಗದ್ದೆಗಳಿಗೂ ಇದೇ ಪಾಠ ಅನ್ವಯಿಸುತ್ತದೆ.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಊರಿನ ಬೀದಿಗೆ ಹೊಸ ಕಾಂಕ್ರೀಟು ಹಾಕುವಾಗಲೆಲ್ಲ ಹಳೆಯದರ ಮೇಲೆಯೇ ಹಾಕುತ್ತ ಹೋದರೆ ಬೀದಿಯು ಏರಿ, ಹಳೆಯ ಮನೆಗಳ ಹೊಸ್ತಿಲು ತಗ್ಗಾಗುತ್ತದೆ. ಹಳೆಯ ಪದರವನ್ನು ಕಿತ್ತು, ಚರಂಡಿಯನ್ನು ಮೊದಲು ಮುಗಿಸಿ, ಆಮೇಲೆ ರಸ್ತೆ ಮಾಡಬೇಕೆಂದು ಮುಖಂಡರು ಪಟ್ಟುಹಿಡಿಯತಕ್ಕದ್ದು. ಗ್ರಾಮ ನಕಾಶೆಯಲ್ಲಿ ಕಾಣಿಸಿರುವ ಹಳ್ಳ, ಕಾಲುವೆಗಳನ್ನೂ ಪಹಣಿಯ ‘ಬಿ’ ಖರಾಬನ್ನೂ ಸ್ಥಳದಲ್ಲಿ ಪರಿಶೀಲಿಸಿ, ಮುಚ್ಚಿಹೋದವುಗಳನ್ನು ತೆರೆಯಿಸಬೇಕು.

ಇದಕ್ಕೆ ಬೇಸಗೆಯ ತನಿಖೆಯೊಂದೇ ಸಾಲದು. ಮುಂದಿನ ಜೋರು ಮಳೆಯ ದಿನ ನಾಲ್ಕಾರು ಹಿರಿಯರು ಕೊಡೆ ಹಿಡಿದು ಊರನ್ನು ಒಂದು ಸುತ್ತು ಬಂದು, ನೀರು ನಿಲ್ಲುವ ಸ್ಥಳಗಳನ್ನೂ ನುಗ್ಗುವ ಮನೆಗಳನ್ನೂ ಬರೆದುಕೊಳ್ಳಲಿ. ಆ ಪಟ್ಟಿಯಲ್ಲಿ ಮಣ್ಣಿನ ಗೋಡೆಯ ಮನೆಗಳು ಮೊದಲು ಬರಲಿ. ಮಳೆ ನಿಂತ ವಾರದೊಳಗೆ ಅವುಗಳ ಬುಡದಿಂದ ನೀರನ್ನು ಬಿಡಿಸುವ ಚರಂಡಿಗೆ ಗುದ್ದಲಿ ಬೀಳಲಿ.