ಹೊಟ್ಟೆಯ ಸ್ನಾಯು ಉಳುಕಿದಾಗ: ಮನೆಮದ್ದು ಎಷ್ಟು, ವಿಶ್ರಾಂತಿ ಎಷ್ಟು?

ನಮ್ಮ ಕರಾವಳಿಯ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವವರ ಪೈಕಿ ಘಟ್ಟದ ಮೇಲಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು ಅನೇಕರಿದ್ದಾರೆ. ಧರ್ಮಕೇಂದ್ರಗಳ ಆರೋಗ್ಯ ಶಿಬಿರಗಳಿಗೆ ಬಂದಾಗ ಅವರಲ್ಲಿ ಕೆಲವರು ಹೊಕ್ಕುಳ ಬಳಿ ಕೈಯಿಟ್ಟು "ಬಟ್ಟಿ ಸರಿದೈತ್ರಿ" ಎನ್ನುತ್ತಾರೆ. ಈ ಮಾತು ನಮ್ಮ ಕಾರ್ಯಕರ್ತರಿಗೆ ಹೊಸದು. ಭಾರ ಎತ್ತುವಾಗ ಹೊಕ್ಕುಳ ಒಳಗಿನದೇನೋ ತನ್ನ ಜಾಗದಿಂದ ಜಾರಿದೆ, ಅದನ್ನು ತಿಕ್ಕಿ ಮತ್ತೆ ಕೂರಿಸಬೇಕು ಎಂಬುದು ಅಲ್ಲಿನ ಹಳೆಯ ನಂಬಿಕೆ. ವೈದ್ಯರು ಪರೀಕ್ಷಿಸಿದರೆ ಎಷ್ಟೋ ಸಲ ಕಾಣುವುದು ಹೊಟ್ಟೆಯ ಸ್ನಾಯುವಿನ ಉಳುಕು. ಇದಕ್ಕೆ ಮನೆಮದ್ದು ಇದೆಯೇ? ಇದೆ. ಆದರೆ ಅದು ಎಲ್ಲಿಯವರೆಗೆ ಉಪಕಾರಿ, ಎಲ್ಲಿಂದ ಅಪಾಯಕಾರಿ ಎಂಬುದನ್ನು ತಿಳಿದಿರಬೇಕು.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಇದ್ದದ್ದು ಇವೇ ನಾಲ್ಕು ತಾಲ್ಲೂಕುಗಳು. ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳಾದದ್ದು ಆಮೇಲೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿಯನ್ನು ಭತ್ತದ ಕಣಜ ಎನ್ನುತ್ತಾರೆ. ಅಲ್ಲಿ ಭತ್ತದ ದರವನ್ನು ಹೇಳುವುದೇ 75 ಕಿಲೋ ಚೀಲದ ಲೆಕ್ಕದಲ್ಲಿ. ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕಿಲೋಗಿಂತ ಹೆಚ್ಚಿದ್ದರೆ ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿದ್ದು 1967ರಲ್ಲಿ. ಲಾರಿಗೆ ಚೀಲ ಏರಿಸುವ ಹಮಾಲರ ಬೆನ್ನಿಗೆ ಆ ಶಿಫಾರಸು ಇನ್ನೂ ತಲುಪಿಲ್ಲ ಎನ್ನಬೇಕು. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳಿಂದ ದುಡಿಮೆ ಹುಡುಕಿ ಇಲ್ಲಿಗೆ ಬಂದವರು ಎತ್ತುವುದು 50 ಕಿಲೋ ಸಿಮೆಂಟು ಚೀಲ.

ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನಿಂದ ಕೆಳಗೆ ಇಳಿಯುವ ಎರಡು ಉದ್ದನೆಯ ಸ್ನಾಯುಗಳಿವೆ. ಎರಡೂ ಪಕ್ಕಗಳಲ್ಲಿ ಒಂದರ ಮೇಲೊಂದರಂತೆ ಮೂರು ಪದರ ಸ್ನಾಯುಗಳಿವೆ. ಭಾರ ಹೊತ್ತು ಸೊಂಟ ತಿರುಗಿಸಿದಾಗ ಅಥವಾ ದಿನಗಟ್ಟಲೆ ಜೋರಾಗಿ ಕೆಮ್ಮಿದಾಗ ಇವುಗಳ ಎಳೆಗಳು ಹರಿಯುತ್ತವೆ. ಕೆಲವೇ ಎಳೆಗಳು ಹರಿದಿದ್ದರೆ ಎರಡು ಮೂರು ವಾರಗಳಲ್ಲಿ ವಾಸಿಯಾಗುತ್ತದೆ; ಹೆಚ್ಚು ಹರಿದಿದ್ದರೆ ಒಂದರಿಂದ ಎರಡು ತಿಂಗಳು ಬೇಕು. ಇಲ್ಲಿ ಮುಖ್ಯವಾದ ಒಂದು ಸಂಗತಿಯಿದೆ. ನೋವು ಮೊದಲು ಹೋಗುತ್ತದೆ, ಸ್ನಾಯು ಗಟ್ಟಿಯಾಗುವುದು ಆಮೇಲೆ. ಐದಾರು ದಿನಕ್ಕೆ ನೋವು ಇಳಿಯಿತೆಂದು ಮತ್ತೆ ಚೀಲಕ್ಕೆ ಕೈ ಹಾಕಿದರೆ ಆಗಷ್ಟೇ ಕೂಡಿಕೊಳ್ಳುತ್ತಿರುವ ಎಳೆಗಳು ಪುನಃ ಹರಿಯುತ್ತವೆ. ವರ್ಷವಿಡೀ ಹೊಟ್ಟೆ ಹಿಡಿದುಕೊಂಡು ಓಡಾಡುವವರಲ್ಲಿ ಕೆಲವರ ಕಥೆ ಇದೇ.

ನೋವು ಹೊಟ್ಟೆಯ ಗೋಡೆಯದೋ ಒಳಗಿನದೋ ಎಂದು ಅರಿಯಲು ಸುಲಭವಾದ ಒಂದು ಪರೀಕ್ಷೆಯನ್ನು ಅಮೆರಿಕದ ಶಸ್ತ್ರಚಿಕಿತ್ಸಕ ಕಾರ್ನೆಟ್ 1926ರಲ್ಲಿ ವಿವರಿಸಿದರು. ರೋಗಿ ಅಂಗಾತ ಮಲಗಬೇಕು. ನೋವಿರುವ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು, ತಲೆ ಮತ್ತು ಭುಜವನ್ನು ತುಸು ಎತ್ತಲು ಹೇಳಬೇಕು. ಆಗ ನೋವು ಹೆಚ್ಚಾದರೆ ಅದು ಸ್ನಾಯುವಿನದಾಗಿರುವ ಸಂಭವ ಹೆಚ್ಚು. ಕಡಿಮೆಯಾದರೆ ಒಳಗಿನ ಅಂಗಗಳನ್ನು ಅನುಮಾನಿಸಬೇಕು. ಇದು ಸೂಚನೆ ಮಾತ್ರ, ತೀರ್ಪಲ್ಲ.

ಇನ್ನು ಮನೆಮದ್ದಿನ ವಿಚಾರ. ಮೊದಲ ಎರಡು ದಿನ ತಂಪು, ಆಮೇಲೆ ಶಾಖ. ಮಡಕೆಯ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಮಂಜುಗಡ್ಡೆಯೇ ಬೇಕೆಂದೇನೂ ಇಲ್ಲ. ಉಳುಕಿಗೆ ಮಂಜುಗಡ್ಡೆ ಇಡಬೇಕೆಂಬ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಅತಿಯಾದ ತಂಪು ವಾಸಿಯಾಗುವುದನ್ನು ತಡಮಾಡಬಹುದೆಂದು 2014ರಲ್ಲಿ ತಿದ್ದಿಕೊಂಡರು. ಮೂರನೆಯ ದಿನದಿಂದ ಹುರಿದ ಉಪ್ಪಿನ ಗಂಟು ಅಥವಾ ಬಿಸಿನೀರಿನ ಚೀಲದ ಶಾಖ ಹಿತ. ಘಟ್ಟದ ಮೇಲಿನವರು ಲಕ್ಕಿ ಎನ್ನುವುದು ನಮ್ಮ ನೆಕ್ಕಿ ಗಿಡವನ್ನೇ. ಅದರ ಸೊಪ್ಪು ಹಾಕಿ ಕುದಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಶಾಖ ಕೊಡುವ ರೂಢಿ ಎರಡೂ ಕಡೆ ಇದೆ. ಗಂಟು ತೀರಾ ಬಿಸಿಯಾಗಿದೆಯೇ ಎಂದು ಮೊದಲು ಮಣಿಕಟ್ಟಿಗೆ ತಾಗಿಸಿ ನೋಡಿ. ಸಕ್ಕರೆ ಕಾಯಿಲೆಯವರಿಗೆ ಚರ್ಮದ ಸ್ಪರ್ಶ ಮಂದವಾಗಿರಬಹುದು, ಸುಟ್ಟದ್ದೇ ತಿಳಿಯುವುದಿಲ್ಲ.

ಅವರ ಔಡಲ ಎಣ್ಣೆ, ನಮ್ಮ ಹರಳೆಣ್ಣೆ ಒಂದೇ. ಬೆಚ್ಚಗೆ ಮಾಡಿ ಅಂಗೈಯಿಂದ ಮೇಲ್ಮೇಲೆ ಸವರಿದರೆ ತೊಂದರೆಯಿಲ್ಲ. ಆದರೆ "ಹೊಟ್ಟೆ ಸಾಫ್ ಆಗಲಿ" ಎಂದು ಅದನ್ನು ಕುಡಿಸಬಾರದು. ನೋವು ಅಪೆಂಡಿಕ್ಸಿನದಾಗಿದ್ದರೆ ಭೇದಿಯ ಔಷಧದಿಂದ ಅದು ಒಡೆಯುವ ಭಯವಿದೆ. ಗರ್ಭಿಣಿಯರಿಗಂತೂ ಕೊಡಲೇಬಾರದು. ಎಕ್ಕದ ಎಲೆ ಕಾಯಿಸಿ ಕಟ್ಟುವವರಿದ್ದಾರೆ. ಅದರ ಹಾಲು ಚರ್ಮದಲ್ಲಿ ಬೊಕ್ಕೆ ಎಬ್ಬಿಸುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಬಟ್ಟಿ ತಿಕ್ಕಿಸುವುದು, ಬರೆ ಹಾಕಿಸುವುದು ಬೇಡವೇ ಬೇಡ. ಹರಿದ ಸ್ನಾಯುವನ್ನು ಗಟ್ಟಿಯಾಗಿ ತಿಕ್ಕಿದರೆ ಒಳಗೆ ರಕ್ತ ಕಟ್ಟಿಕೊಳ್ಳುತ್ತದೆ. ಹೀಗೆ ಹೇಳುವಾಗ ಅವರ ಅಜ್ಜಿಯಂದಿರನ್ನು ಹೀಯಾಳಿಸುವ ಅಗತ್ಯವಿಲ್ಲ. ತಿಕ್ಕುವ ಬದಲು ಶಾಖ ಕೊಡೋಣ ಎಂದರೆ ಒಪ್ಪಿಕೊಳ್ಳುತ್ತಾರೆ.

ಅರಿಶಿನ ಹಾಲು ಕುಡಿಯಲಿ, ಅದರಿಂದ ಕೆಡುಕಿಲ್ಲ. ಆದರೆ ಅರಿಶಿನದ ಸಾರ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸ್ನಾಯು ಕೂಡಿಕೊಳ್ಳಲು ಬೇಕಾದದ್ದು ಊಟ: ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ ಹಿಂಡಿ, ಮೊಟ್ಟೆ, ಸೊಪ್ಪು, ಪೇರಲ ಹಣ್ಣು. ಸಾಕಷ್ಟು ನೀರು ಕುಡಿದು ಮಲಬದ್ಧತೆ ಬಾರದಂತೆ ನೋಡಿಕೊಂಡರೆ ಮುಕ್ಕುವಾಗ ಹೊಟ್ಟೆಗೆ ಬೀಳುವ ಒತ್ತಡ ತಪ್ಪುತ್ತದೆ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳಬೇಕು. ಹಾಸಿಗೆಯಿಂದ ನೇರವಾಗಿ ಏಳದೆ, ಮಗ್ಗುಲಿಗೆ ಹೊರಳಿ ಕೈ ಊರಿ ಏಳಬೇಕು. ಇದೊಂದನ್ನು ಕಲಿಸಿದರೂ ಅರ್ಧ ಕಷ್ಟ ಇಳಿಯುತ್ತದೆ.

ಮನೆಮದ್ದನ್ನು ಬದಿಗಿಟ್ಟು ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು ಇವು. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದರೆ, ಜ್ವರ ವಾಂತಿ ಕಂಡರೆ, ಹೊಟ್ಟೆ ಹಲಗೆಯಂತೆ ಬಿಗಿದರೆ, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮಲ ಕಪ್ಪಾದರೆ ತಡಮಾಡಬಾರದು. ಮೇಲ್ಹೊಟ್ಟೆಯ ನೋವಿನ ಜೊತೆ ಬೆವರು, ಎದೆ ಬಿಗಿತ ಇದ್ದರೆ ಅದು ಹೃದಯದ್ದಿರಬಹುದು. ಕೆಮ್ಮಿದಾಗ ತೊಡೆಸಂದಿಯಲ್ಲೋ ಹೊಕ್ಕುಳಲ್ಲೋ ಉಬ್ಬು ಕಂಡರೆ ಅದು ಹರ್ನಿಯಾ ಇರಬಹುದು. ಯಾವ ಎಲೆಯಿಂದಲೂ ಅದು ವಾಸಿಯಾಗದು. ಆ ಉಬ್ಬು ಒಳಗೆ ಹೋಗದೆ ನೋಯತೊಡಗಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಊರಿಗೆ ಮರಳಿದವರಿಗೆ ಕೊಪ್ಪಳದಲ್ಲೇ 2015ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸಸ್ಯೌಷಧವೇ ಬೇಕೆನ್ನುವವರಿಗೆ ಗವಿಮಠದ ಆಯುರ್ವೇದ ಕಾಲೇಜೂ ಅಲ್ಲಿದೆ.

ಮೂರು ವಾರದ ವಿಶ್ರಾಂತಿ ಎನ್ನುವುದು ಹೇಳಲು ಸುಲಭ. ದಿನಗೂಲಿಯವರಿಗೆ ಅದು ಮೂರು ವಾರದ ಪಗಾರ. ಆದ್ದರಿಂದ ಪೂರ್ತಿ ಮಲಗಿರಿ ಎನ್ನುವ ಬದಲು, ಮೂರು ನಾಲ್ಕು ದಿನಗಳ ನಂತರ ನಡೆದಾಡಿ, ಭಾರವಿಲ್ಲದ ಕೆಲಸ ಕೇಳಿ ಪಡೆಯಿರಿ ಎಂದು ಹೇಳುವುದು ಒಳ್ಳೆಯದು. ಗೋಡೆಗೆ ನೀರು ಹಾಕುವುದು, ಸಾಮಾನು ಲೆಕ್ಕ ಇಡುವುದು ಇಂತಹ ಕೆಲಸಗಳು ಸೈಟಿನಲ್ಲಿ ಇದ್ದೇ ಇರುತ್ತವೆ. ಮೇಸ್ತ್ರಿಯ ಬಳಿ ನಮ್ಮ ಕಾರ್ಯಕರ್ತರು ಒಂದು ಮಾತು ಆಡಿದರೆ ಸಿಕ್ಕೀತು. ನೋವು ತಗ್ಗಿದ ಮೇಲೆ ಮಂಡಿ ಮಡಚಿ ಮಲಗಿ, ಉಸಿರು ಬಿಡುತ್ತಾ ಹೊಕ್ಕುಳನ್ನು ಮೆಲ್ಲಗೆ ಒಳಗೆಳೆಯುವ ವ್ಯಾಯಾಮವನ್ನು ದಿನಕ್ಕೆರಡು ಬಾರಿ ಹತ್ತು ಹತ್ತು ಸಲ ಮಾಡಲಿ. ಭಾರ ಎತ್ತುವಾಗ ಮೊದಲು ಅರ್ಧ ಚೀಲ, ಅಥವಾ ಒಂದು ಚೀಲಕ್ಕೆ ಇಬ್ಬರು. ಚೀಲ ಮೈಗೆ ಹತ್ತಿರವಿರಲಿ, ತಿರುಗುವಾಗ ಸೊಂಟವಲ್ಲ, ಪಾದ ತಿರುಗಲಿ.

ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ವೈದ್ಯಕೀಯ ನೆರವು ಪಡೆಯಲು ಈ ನೋಂದಣಿ ಬೇಕು. ಮುಂದಿನ ಶಿಬಿರದಲ್ಲಿ ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲೇ ಅದರ ಅರ್ಜಿ ತುಂಬಿಸಲು ಒಬ್ಬರನ್ನು ಕೂರಿಸಿ.