ತ್ರುಟಿತ ಡಿಸ್ಕಿನ ಪಾಠೋದ್ಧಾರ: ಶಾಸನಚಿತ್ರಗಳ ಪಾರ್ಟಿಷನ್ನನ್ನು ಇಮೇಜ್‌ನಿಂದ ಮರಳಿ ಪಡೆಯುವುದು

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ, ಕೊಡಗಿನ ಶಾಸನಗಳು, ಅಚ್ಚಾದದ್ದು 1886ರಲ್ಲಿ. ಬೆಂಗಳೂರು ಜಿಲ್ಲೆಯ ಶಾಸನಗಳ 9ನೆಯ ಸಂಪುಟ ಬಂದದ್ದು 1905ರಲ್ಲಿ. ಆ ಸಂಪುಟಗಳನ್ನು ಹಿಡಿದು ಊರೂರು ತಿರುಗಿದವರಿಗೆಲ್ಲ ಒಂದು ಅನುಭವ ಸಾಮಾನ್ಯ: ಪುಸ್ತಕದಲ್ಲಿ ಪಾಠ ಇದೆ, ಜಾಗದಲ್ಲಿ ಕಲ್ಲು ಇಲ್ಲ. ಕಲ್ಲು ಹೋದ ಮೇಲೆ ಉಳಿಯುವುದು ಪ್ರತಿ ಮಾತ್ರ. ಇವತ್ತು ನಮ್ಮ ಕಾಲದ ಪ್ರತಿಗಳೆಲ್ಲ ಎಲ್ಲಿವೆ? ಬಹುಪಾಲು ಹವ್ಯಾಸಿಗಳ ಮನೆಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ. ಆ ಡಿಸ್ಕು ಒಂದು ದಿನ ತೆರೆಯದೇ ಹೋದರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಅನ್ನೋದು ಈ ಲೇಖನದ ವಿಷಯ.

ಹಾಳಾಗುವುದು ಏನು?

ಡಿಸ್ಕಿನ ಜಾಗವನ್ನು ಪಾಲು ಮಾಡಿ ಗುರುತಿಸಿದ ಭಾಗವೇ ಪಾರ್ಟಿಷನ್. ಯಾವ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬ ವಿವರ ಒಂದು ಪಟ್ಟಿಯಲ್ಲಿರುತ್ತದೆ. ದಾನಶಾಸನದಲ್ಲಿ ಭೂಮಿಯ ಚತುಸ್ಸೀಮೆ ಹೇಳಿದ ಹಾಗೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಈ ಪಟ್ಟಿ ಇಡೀ ಡಿಸ್ಕಿನ ಮೊದಲ 512 ಬೈಟ್‌ಗಳೊಳಗೆ ಕೇವಲ 64 ಬೈಟ್: ತಲಾ 16 ಬೈಟ್‌ನ 4 ನಮೂದು, ಅಷ್ಟೇ. ಹೊಸ ಜಿಪಿಟಿ ಪದ್ಧತಿಯಲ್ಲಿ ಪಟ್ಟಿ ಡಿಸ್ಕಿನ ಆರಂಭದಲ್ಲೊಂದು, ಕೊನೆಯಲ್ಲೊಂದು, ಹೀಗೆ ಎರಡು ಪ್ರತಿ ಇರುತ್ತದೆ. ಪಾರ್ಟಿಷನ್ನಿನ ಒಳಗೆ ಯಾವ ಫೈಲು ಎಲ್ಲಿದೆ ಎಂದು ಹೇಳುವ ಫೈಲ್ ಸಿಸ್ಟಮ್ ಬೇರೆಯೇ.

"ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ" ಅಂತ ವಿಂಡೋಸ್ ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ನಿಜವಾಗಿ ಅದು ಹೇಳುತ್ತಿರುವುದು ಇಷ್ಟೇ: ವಿಷಯಸೂಚಿ ಓದಲಾಗುತ್ತಿಲ್ಲ. ಪುಟಗಳು ಹೋಗಿವೆ ಎಂದಲ್ಲ. ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನಲ್ಲಿ ಬೂಟ್ ಸೆಕ್ಟರಿನ ಇನ್ನೊಂದು ಪ್ರತಿ ಅದೇ ಪಾರ್ಟಿಷನ್ನಿನ ಕೊನೆಯ ಸೆಕ್ಟರಿನಲ್ಲಿರುತ್ತದೆ. ಹಾಳಾದದ್ದು ಪಟ್ಟಿ ಅಥವಾ ಬೂಟ್ ಸೆಕ್ಟರ್ ಮಾತ್ರವಾದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಹಲವು ಸಲ ಅದನ್ನು ಹುಡುಕಿ ಸರಿಪಡಿಸಬಲ್ಲುದು.

ಇಮೇಜ್: ಪಡಿಯಚ್ಚು, ಬರೀ ಪಾಠವಲ್ಲ

ಫೈಲುಗಳನ್ನು ಕಾಪಿ ಮಾಡುವುದಕ್ಕೂ ಇಮೇಜ್ ತೆಗೆಯುವುದಕ್ಕೂ ಇರುವ ಅಂತರ ನಮ್ಮವರಿಗೆ ಸುಲಭವಾಗಿ ಅರ್ಥವಾಗುತ್ತೆ. ಒಬ್ಬರು ಕಲ್ಲಿನ ಮುಂದೆ ಕುಳಿತು ಪಾಠ ಬರೆದುಕೊಂಡರೆ ಅವರು ಓದಿದ್ದಷ್ಟೇ ಉಳಿಯುತ್ತದೆ. ಪಡಿಯಚ್ಚು ತೆಗೆದರೆ ಅವರಿಗೆ ಕಾಣದ ಗೆರೆಯೂ ಕಾಗದಕ್ಕೆ ಬರುತ್ತದೆ. ಮುಂದೆ ಇನ್ನೊಬ್ಬರು ಅದನ್ನು ಓದಬಹುದು. ಕಚ್ಚಾ ಇಮೇಜ್ ಈ ಬಗೆಯದು. ಪ್ರತಿಯೊಂದು ಸೆಕ್ಟರೂ, ಅಳಿಸಿದ ಫೈಲುಗಳ ಅವಶೇಷವೂ ಅದರಲ್ಲಿರುತ್ತದೆ. ಕ್ಲೋನ್‌ಜಿಲ್ಲಾದಂಥವು ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಗವನ್ನಷ್ಟೇ ಉಳಿಸುತ್ತವೆ. ಜಾಗ ಉಳಿಯುತ್ತೆ, ಆದರೆ ಅಳಿಸಿದ್ದು ಅದರಲ್ಲಿ ಸಿಗುವುದಿಲ್ಲ.

ಮೊದಲ ನಿಯಮ: ಮೂಲದ ಮೇಲೆ ಬರೆಯಬೇಡಿ

ಸವೆದ ಅಕ್ಷರಗಳ ಮೇಲೆ ಬಣ್ಣ ತುಂಬಿ "ಸ್ಪಷ್ಟ" ಮಾಡಿದ ಶಾಸನಗಳನ್ನು ನೀವೂ ನೋಡಿರುತ್ತೀರಿ. ಅಲ್ಲಿ ಕಾಣುವುದು ಬಣ್ಣ ಹಚ್ಚಿದವರ ಓದು. ಹಾಳಾದ ಡಿಸ್ಕಿನ ಮೇಲೆ ನೇರವಾಗಿ ಫಾರ್ಮ್ಯಾಟ್, ಚೆಕ್‌ಡಿಸ್ಕ್ ರಿಪೇರಿ, ಇಮೇಜ್ ರಿಸ್ಟೋರ್ ಯಾವುದನ್ನು ಮಾಡಿದರೂ ಅದೇ ಕಥೆ. ಹಳೆಯ ಬ್ಯಾಕಪ್ ಇಮೇಜ್ ಅನ್ನು ಅದೇ ಡಿಸ್ಕಿಗೆ ಸುರಿದರೆ, ಬ್ಯಾಕಪ್ ಆದ ನಂತರ ತೆಗೆದ ಚಿತ್ರಗಳು ಆ ಕ್ಷಣವೇ ಮುಚ್ಚಿಹೋಗಬಹುದು.

ಆದ್ದರಿಂದ ಕ್ರಮ ಹೀಗಿರಲಿ:

1. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ತಕ್ಷಣ ವಿದ್ಯುತ್ ತೆಗೆಯಿರಿ. ಅದು ಯಾಂತ್ರಿಕ ದೋಷ, ತಂತ್ರಾಂಶದಿಂದ ಸರಿಹೋಗದು. ದತ್ತಾಂಶ ಮರಳಿಸುವ ವೃತ್ತಿಪರರಿಗೇ ಕೊಡಬೇಕು.

2. ಸದ್ದಿಲ್ಲದಿದ್ದರೆ, ಹಾಳಾದ ಡಿಸ್ಕಿನದೇ ಒಂದು ಇಮೇಜ್ ಅನ್ನು ಅದಕ್ಕಿಂತ ದೊಡ್ಡದಾದ ಬೇರೊಂದು ಡಿಸ್ಕಿಗೆ ತೆಗೆಯಿರಿ. ಜಿಎನ್‌ಯು ಡಿಡಿರೆಸ್ಕ್ಯೂ ಇದಕ್ಕೆ ಹೇಳಿಮಾಡಿಸಿದ್ದು. ಮೊದಲು ಸಲೀಸಾಗಿ ಓದುವ ಭಾಗಗಳನ್ನು ತೆಗೆದುಕೊಂಡು, ಹಟ ಮಾಡುವ ಭಾಗಗಳಿಗೆ ಆಮೇಲೆ ಕೈಹಾಕುತ್ತದೆ. ಎಲ್ಲೆಲ್ಲಿ ಓದಲಾಗಲಿಲ್ಲ ಎಂದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಾವು ಪಾಠದಲ್ಲಿ ತ್ರುಟಿತ ಜಾಗಕ್ಕೆ ಚುಕ್ಕಿ ಇಡುವುದಿಲ್ಲವೇ, ಹಾಗೆ. ಕೆಲಸ ಮಧ್ಯೆ ನಿಂತರೂ ಅದೇ ಮ್ಯಾಪ್ ಹಿಡಿದು ಮುಂದುವರಿಸಬಹುದು.

3. ಬ್ಯಾಕಪ್ ಇಮೇಜ್ ಸರಿಯಿದೆಯೇ ನೋಡಿ. ಅದನ್ನು ತೆಗೆದ ದಿನವೇ ಎಸ್‌ಎಚ್‌ಎ-256 ಮೊತ್ತ ಬರೆದಿಟ್ಟಿದ್ದರೆ ಈಗ ಮತ್ತೆ ಲೆಕ್ಕಹಾಕಿ ಹೋಲಿಸಿ. ಒಂದು ಬಿಟ್ ಬದಲಾಗಿದ್ದರೂ ಮೊತ್ತ ಹೊಂದುವುದಿಲ್ಲ.

4. ಇಮೇಜ್ ಇಡೀ ಡಿಸ್ಕಿನದೋ ಒಂದೇ ಪಾರ್ಟಿಷನ್ನಿನದೋ ಖಚಿತಪಡಿಸಿಕೊಳ್ಳಿ. ಪಾರ್ಟಿಷನ್ನಿನ ಇಮೇಜ್ ಅನ್ನು ಇಡೀ ಡಿಸ್ಕಿನ ಹೆಸರಿಗೆ ಬರೆದರೆ ಆರಂಭದ ಪಟ್ಟಿಯೇ ಅಳಿಸಿಹೋಗುತ್ತದೆ.

5. ಬೇಕಾಗಿರುವುದು ಫೈಲುಗಳು ಮಾತ್ರವೇ? ಹಾಗಿದ್ದರೆ ರಿಸ್ಟೋರ್ ಮಾಡಲೇಬೇಕಿಲ್ಲ. ಕಚ್ಚಾ ಇಮೇಜ್ ಅನ್ನು ಲಿನಕ್ಸ್‌ನಲ್ಲಿ ಓದಲು-ಮಾತ್ರ ಎಂಬ ಸ್ಥಿತಿಯಲ್ಲಿ ಮೌಂಟ್ ಮಾಡಿ, ಚಿತ್ರಗಳನ್ನು ಹೊಸ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.

6. ಪೂರ್ತಿ ರಿಸ್ಟೋರ್ ಬೇಕೇ ಬೇಕೆಂದರೆ ಹೊಸ ಡಿಸ್ಕಿಗೆ ಮಾಡಿ. ಗುರಿಯ ಪಾರ್ಟಿಷನ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 1 ಟಿಬಿ ಎಂದು ಬರೆದ ಎರಡು ಡಿಸ್ಕುಗಳೂ ಬೈಟ್ ಲೆಕ್ಕದಲ್ಲಿ ಸಮ ಇರಬೇಕೆಂದಿಲ್ಲ. ಬರೆಯುವ ಮುನ್ನ ಮಾಡೆಲ್, ಸೀರಿಯಲ್ ಸಂಖ್ಯೆ, ಗಾತ್ರ ಮೂರನ್ನೂ ನೋಡಿ. ಮೂಲ, ಗುರಿ ಅದಲುಬದಲಾದರೆ ಇರುವ ಒಂದೇ ಪ್ರತಿಯೂ ಹೋಗುತ್ತದೆ.

ಬ್ಯಾಕಪ್ಪಿನ ನಂತರದ ಚಿತ್ರಗಳು

ಇಮೇಜ್‌ನಿಂದ ಮರಳುವುದು ಅದನ್ನು ತೆಗೆದ ದಿನದವರೆಗಿನದು ಮಾತ್ರ. ನಂತರದವನ್ನು 2ನೆಯ ಹೆಜ್ಜೆಯಲ್ಲಿ ತೆಗೆದ ಇಮೇಜ್‌ನಲ್ಲಿ ಹುಡುಕಬೇಕು. ಫೈಲ್ ಸಿಸ್ಟಮ್ ಕೈಗೆ ಸಿಗದಿದ್ದರೆ ಫೋಟೋರೆಕ್ ಎಂಬ ತಂತ್ರಾಂಶ ಜೆಪೆಗ್ ಮೊದಲಾದ ಫೈಲುಗಳನ್ನು ಅವುಗಳ ತಲೆಬರಹದ ಗುರುತಿನಿಂದ ಹೆಕ್ಕುತ್ತದೆ. ಆದರೆ ಫೈಲಿನ ಹೆಸರು, ಫೋಲ್ಡರಿನ ಹೆಸರು ಎರಡೂ ಬರುವುದಿಲ್ಲ.

ನಮಗೆ ನಿಜವಾದ ಪೆಟ್ಟು ಇಲ್ಲೇ. ಊರಿನ ಹೆಸರು, ಗುಡಿಯ ಹೆಸರು, ಕಲ್ಲಿನ ಯಾವ ಮುಖ ಎಂಬುದನ್ನೆಲ್ಲ ನಾವು ಬರೆಯುವುದು ಫೋಲ್ಡರಿನ ಹೆಸರಿನಲ್ಲೇ ತಾನೆ? ನೂರಾರು ವೀರಗಲ್ಲುಗಳ ಚಿತ್ರ ಮರಳಿ ಬಂದು, ಯಾವುದು ಎಲ್ಲಿಯದು ತಿಳಿಯದಿದ್ದರೆ ಅವು ಅನಾಥ. ಚಿತ್ರದೊಳಗಿನ ಎಕ್ಸಿಫ್ ಮಾಹಿತಿ ಮಾತ್ರ ಫೈಲಿನ ಜೊತೆಗೇ ಉಳಿಯುತ್ತದೆ. ಅದರಲ್ಲಿ ತೆಗೆದ ದಿನ, ಸಮಯ, ಫೋನಿನಲ್ಲಿ ಜಿಪಿಎಸ್ ಚಾಲೂ ಇದ್ದರೆ ಅಕ್ಷಾಂಶ ರೇಖಾಂಶವೂ ಸಿಗುತ್ತದೆ. ಅದನ್ನು ಕ್ಷೇತ್ರಕಾರ್ಯದ ನೋಟ್‌ಬುಕ್ಕಿನ ದಿನಾಂಕಗಳೊಂದಿಗೆ ಹೊಂದಿಸಿದರೆ ಬಹುಪಾಲು ಚಿತ್ರಗಳಿಗೆ ಊರು ಸಿಗುತ್ತದೆ. ಹೊಂದದವುಗಳಿಗೆ ಊಹೆಯಿಂದ ಹೆಸರು ಕೊಡಬೇಡಿ; ಊಹಾಪಾಠವನ್ನು ಕಂಸದಲ್ಲಿಡುವ ಶಿಸ್ತು ಇಲ್ಲಿಯೂ ಇರಲಿ.

ಎಸ್‌ಎಸ್‌ಡಿಯಾದರೆ ಇನ್ನೊಂದು ಎಚ್ಚರಿಕೆ. ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ತಾನಾಗಿಯೇ ಖಾಲಿ ಮಾಡಬಲ್ಲುದು. ತಡಮಾಡಿದಷ್ಟೂ ಸಿಗುವ ಸಾಧ್ಯತೆ ಕಡಿಮೆ.

ಇವತ್ತೇ ಮಾಡಬಹುದಾದ್ದು

ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಸೂತ್ರ ಸರಳ: ಒಟ್ಟು 3 ಪ್ರತಿ, 2 ಬಗೆಯ ಮಾಧ್ಯಮ, 1 ಪ್ರತಿ ಬೇರೆ ಊರಲ್ಲೋ ಬೇರೆ ಮನೆಯಲ್ಲೋ. ನಮ್ಮ ಕೆಲಸಕ್ಕೆ ಇನ್ನೊಂದು ಸೇರಿಸಿಕೊಳ್ಳೋಣ: ಎಲ್ಲ ಫೋಲ್ಡರ್, ಫೈಲುಗಳ ಹೆಸರಿನ ಪಟ್ಟಿಯನ್ನು ಒಂದು ಪುಟ್ಟ ಪಠ್ಯ ಫೈಲಿನಲ್ಲಿ, ಎಸ್‌ಎಚ್‌ಎ-256 ಮೊತ್ತಗಳ ಸಮೇತ, ಬೇರೆ ಕಡೆ ಇಡುವುದು. ಫೈಲಿನ ಒಳಗು ಬದಲಾಗದಿದ್ದರೆ, ಹೆಸರು ಕಳೆದುಕೊಂಡು ಬಂದ ಚಿತ್ರದ ಮೊತ್ತ ಹಳೆಯ ಪಟ್ಟಿಯಲ್ಲಿ ಸಿಗುತ್ತದೆ. ಅದರ ಊರೂ ಸಿಗುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್ಪಿನಿಂದ ನಾಲ್ಕಾರು ಚಿತ್ರಗಳನ್ನು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಹೇಳಲಾಗದು.

ರಸ್ತೆ ಅಗಲವಾದಾಗ, ಗುಡಿಯ ಜೀರ್ಣೋದ್ಧಾರವಾದಾಗ ಕಲ್ಲು ಯಾರನ್ನೂ ಕೇಳದೆ ಹೋಗುತ್ತದೆ. ನೀವು ಕಳೆದ ವರ್ಷ ತೆಗೆದ ಚಿತ್ರವೇ ಅದರ ಕೊನೆಯ ಪ್ರತಿ ಆಗಿರಬಹುದು.