ಮನೆಯ ಕಂಪ್ಯೂಟರಿಗೆ ಜೋಡಿ ಡಿಸ್ಕ್

ಹಾರ್ಡ್ ಡಿಸ್ಕಿನ ಒಳಗೆ ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಅವುಗಳ ಮೇಲೆ, ಕೂದಲೆಳೆಯ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ, ಓದುವ ಬರೆಯುವ ಹೆಡ್ ತೇಲುತ್ತಿರುತ್ತದೆ. ವರ್ಷಗಟ್ಟಲೆ ಹೀಗೆ ದುಡಿಯುವ ಯಂತ್ರ ಒಂದಲ್ಲ ಒಂದು ದಿನ ನಿಂತೇ ನಿಲ್ಲುತ್ತದೆ. ಅದು ನಿಂತ ದಿನ ಮನೆಯವರು ಕಳೆದುಕೊಳ್ಳುವುದು ಏನನ್ನು? ಪಹಣಿ, ಅಂಕಪಟ್ಟಿಗಳನ್ನು ಅಲೆದಾಡಿಯಾದರೂ ಮತ್ತೆ ತೆಗೆಸಬಹುದು. ಮಗುವಿನ ನಾಮಕರಣದ ಫೋಟೊ, ಅಜ್ಜಿ ಹಾಡಿದ ಸೋಬಾನೆ ಪದದ ರೆಕಾರ್ಡಿಂಗ್ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಮನೆಯ ಕಂಪ್ಯೂಟರಿಗೂ ರೇಡ್ ಬೇಕೇ ಎಂಬ ಪ್ರಶ್ನೆಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಈ ಕಾರಣಕ್ಕೆ.

ರೇಡ್ ಎಂದರೆ ಹಲವು ಡಿಸ್ಕ್‌ಗಳನ್ನು ಕೂಡಿಸಿ ಒಂದೇ ಡಿಸ್ಕಿನಂತೆ ಬಳಸುವ ವ್ಯವಸ್ಥೆ. ಅದಕ್ಕೆ ಈ ಹೆಸರು ಮತ್ತು ರೇಡ್ 1, ರೇಡ್ 5 ಎಂಬಂಥ ಅಂಕೆಗಳ ಲೆಕ್ಕ ಬಂದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಿಂದ. ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧವೇ ಅದರ ಮೂಲ. ದೊಡ್ಡ ಕಂಪ್ಯೂಟರುಗಳ ದುಬಾರಿ ಡಿಸ್ಕಿಗೆ ಬದಲಾಗಿ ಪಿಸಿಗಳ ಪುಟ್ಟ, ಅಗ್ಗದ ಡಿಸ್ಕ್‌ಗಳನ್ನು ಸಾಲಾಗಿ ಜೋಡಿಸಿದರೆ ವೇಗವೂ ಹೆಚ್ಚುತ್ತದೆ, ಖರ್ಚೂ ಇಳಿಯುತ್ತದೆ ಎಂದು ಅವರು ವಾದಿಸಿದರು. ಅದರ ತೊಡಕನ್ನೂ ಅವರೇ ಲೆಕ್ಕ ಹಾಕಿ ತೋರಿಸಿದರು. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳಿದರೆ, ಅಂಥ ನೂರು ಡಿಸ್ಕ್‌ಗಳ ಸಾಲಿನಲ್ಲಿ ಸರಾಸರಿ 300 ಗಂಟೆಗೊಮ್ಮೆ, ಅಂದರೆ ಎರಡು ವಾರವೂ ತುಂಬುವ ಮೊದಲೇ, ಯಾವುದೋ ಒಂದು ಕೆಡುತ್ತದೆ. ಡಿಸ್ಕ್ ಹೆಚ್ಚಿದಷ್ಟೂ ಕೆಡುವ ಅವಕಾಶವೂ ಹೆಚ್ಚು. ಆದ್ದರಿಂದಲೇ ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಹೆಚ್ಚುವರಿ ಪ್ರತಿಯನ್ನೋ ಲೆಕ್ಕವನ್ನೋ ಇಡುವ ಐದು ಬಗೆಗಳನ್ನು ಅವರು ವಿವರಿಸಿದರು.

ಮನೆಗೆ ಸಂಬಂಧಪಟ್ಟವು ಎರಡು ಮೂರು ಮಾತ್ರ. ಆ ಐದರ ಲೆಕ್ಕಕ್ಕೆ ಸೇರದ ರೇಡ್ 0 ಮಾಹಿತಿಯನ್ನು ತುಂಡು ಮಾಡಿ ಎರಡು ಡಿಸ್ಕಿಗೆ ಹಂಚುತ್ತದೆ. ವೇಗ ಸಿಗುತ್ತದೆ ನಿಜ, ಆದರೆ ಒಂದು ಕೆಟ್ಟರೆ ಎಲ್ಲವೂ ಹೋಯಿತು. ಫೋಟೊ ಇಡಲು ಅದು ಬೇಡವೇ ಬೇಡ. ರೇಡ್ 1ರಲ್ಲಿ ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಅದೇ ಕ್ಷಣ ಬರೆಯಲ್ಪಡುತ್ತದೆ. 4 ಟೆರಾಬೈಟಿನ ಎರಡು ಡಿಸ್ಕ್ ಕೊಂಡರೂ ಸಿಗುವ ಜಾಗ 4 ಟೆರಾಬೈಟ್ ಅಷ್ಟೇ.

ರೇಡ್ 5ರ ಜಾಣತನ ನೋಡುವಂಥದ್ದು. ನಾಲ್ಕು ಡಿಸ್ಕ್‌ಗಳಿವೆ ಎನ್ನಿ. ಮೂರರಲ್ಲಿ 1, 0, 1 ಎಂಬ ಬಿಟ್‌ಗಳಿದ್ದರೆ, ಒಂದುಗಳ ಒಟ್ಟು ಎಣಿಕೆ ಸಮಸಂಖ್ಯೆಯಾಗಬೇಕೆಂಬ ನಿಯಮದಂತೆ ನಾಲ್ಕನೆಯದರಲ್ಲಿ 0 ಬರೆಯುತ್ತಾರೆ. ಇದಕ್ಕೆ ಪ್ಯಾರಿಟಿ ಎಂದು ಹೆಸರು. ಮೂರನೆಯ ಡಿಸ್ಕ್ ಸತ್ತರೆ ಉಳಿಯುವುದು 1, 0 ಮತ್ತು ಪ್ಯಾರಿಟಿಯ 0. ಒಂದುಗಳ ಎಣಿಕೆ ಸಮವಾಗಬೇಕಾದರೆ ಕಳೆದುಹೋದದ್ದು 1 ಆಗಿರಲೇಬೇಕು. ಹೀಗೆ ಬಿಟ್ ಬಿಟ್ ಲೆಕ್ಕ ಹಾಕಿ ಇಡೀ ಡಿಸ್ಕನ್ನು ಮತ್ತೆ ಕಟ್ಟಬಹುದು. ಪ್ಯಾರಿಟಿ ಒಂದೇ ಡಿಸ್ಕಿನಲ್ಲಿ ಕೂರದೆ ಸರದಿಯಂತೆ ಎಲ್ಲದರಲ್ಲೂ ಹಂಚಿಕೊಂಡಿರುತ್ತದೆ.

ಇಷ್ಟಾದರೂ ಮನೆಗೆ ನಾನು ಇದನ್ನು ಸೂಚಿಸುವುದಿಲ್ಲ. 4 ಟೆರಾಬೈಟಿನ ನಾಲ್ಕು ಡಿಸ್ಕ್‌ಗಳಲ್ಲಿ ಒಂದು ಕೆಟ್ಟರೆ, ಮತ್ತೆ ಕಟ್ಟಲು ಉಳಿದ ಮೂರನ್ನೂ ಪೂರ್ತಿ, ಅಂದರೆ 12 ಟೆರಾಬೈಟ್, ಓದಬೇಕು. ಮನೆಬಳಕೆಯ ಅನೇಕ ಡಿಸ್ಕ್‌ಗಳಿಗೆ ತಯಾರಕರು ಕೊಡುವ ಭರವಸೆಯೆಂದರೆ ನೂರು ಲಕ್ಷ ಕೋಟಿ ಬಿಟ್‌ಗಳಲ್ಲಿ, ಅಂದರೆ ಸುಮಾರು 12.5 ಟೆರಾಬೈಟಿನಲ್ಲಿ, ಓದಲಾಗದ ಜಾಗ ಒಂದಕ್ಕಿಂತ ಹೆಚ್ಚು ಸಿಗದು ಎಂಬುದು. ಅಂಥ ಒಂದು ಜಾಗ ಎದುರಾದರೂ ಮರುಕಟ್ಟುವ ಲೆಕ್ಕ ಅಲ್ಲಿ ತಪ್ಪುತ್ತದೆ. ಬಹುತೇಕ ಡಿಸ್ಕ್‌ಗಳು ಆ ಭರವಸೆಗಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಆದರೆ ಉಳಿದಿರುವ ಡಿಸ್ಕ್‌ಗಳೂ ಅದೇ ವಯಸ್ಸಿನವು, ಅವುಗಳ ಮೇಲೆ ಅತಿ ಹೆಚ್ಚು ಒತ್ತಡ ಬೀಳುವುದೂ ಆಗಲೇ. ರೇಡ್ 1ರಲ್ಲಿ ಈ ಗೋಜು ಕಡಿಮೆ. ಉಳಿದ ಡಿಸ್ಕೊಂದರಲ್ಲೇ ಇಡೀ ಮನೆಯ ಮಾಹಿತಿ ಹಾಗೇ ಇರುತ್ತದೆ.

ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಬಗೆಯೋ ಸಿಎಂಆರ್ ಬಗೆಯೋ ಎಂದು ಕೇಳಿ ತಿಳಿಯಿರಿ. ಎಸ್‌ಎಂಆರ್ ಡಿಸ್ಕಿನಲ್ಲಿ ಬರಹದ ಸಾಲುಗಳು ಮಂಗಳೂರು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ನಡುವಿನದನ್ನು ಬದಲಿಸಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಇದರಿಂದ ರೇಡ್ ಮರುಕಟ್ಟುವ ಕೆಲಸ ತೀರಾ ನಿಧಾನವಾಗುತ್ತದೆ. ಸಿಎಂಆರ್ ಬಗೆಯಲ್ಲಿ ಸಾಲುಗಳು ಹೀಗೆ ಒಂದರ ಮೇಲೊಂದು ಕೂರುವುದಿಲ್ಲ, ಅದನ್ನೇ ಆರಿಸಿ. 2020ರಲ್ಲಿ ಈ ವಿಷಯ ದೊಡ್ಡ ಗಲಾಟೆಯಾದ ಮೇಲೆ ಯಾವ ಮಾದರಿ ಯಾವ ಬಗೆಯದೆಂದು ತಯಾರಕರು ಪ್ರಕಟಿಸುತ್ತಿದ್ದಾರೆ. ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗುವವರಾದರೆ ಜೋಡಿಯ ಎರಡೂ ಡಿಸ್ಕನ್ನು ಒಂದೇ ಅಂಗಡಿಯಲ್ಲಿ ಕೊಳ್ಳಬೇಡಿ. ಒಂದೇ ದಿನ ತಯಾರಾಗಿ, ಒಂದೇ ಪೆಟ್ಟಿಗೆಯಲ್ಲಿ ಕುಲುಕಾಡಿ ಬಂದ ಜೋಡಿ ಹೆಚ್ಚುಕಡಿಮೆ ಒಟ್ಟಿಗೇ ಕೆಡುವ ಸಂಭವವಿದೆ.

ಮದರ್‌ಬೋರ್ಡಿನ ಬಯಾಸ್‌ನಲ್ಲೇ ರೇಡ್ ಎಂಬ ಆಯ್ಕೆ ಇರುತ್ತದೆ. ಅದನ್ನು ಮುಟ್ಟದಿರುವುದು ಒಳ್ಳೆಯದು, ಏಕೆಂದರೆ ಬೋರ್ಡ್ ಕೆಟ್ಟರೆ ಅದೇ ಜಾತಿಯದನ್ನು ಹುಡುಕಬೇಕಾಗಬಹುದು. ಆಪರೇಟಿಂಗ್ ಸಿಸ್ಟಮ್ಮಿನ ಕೈಗೇ ಈ ಕೆಲಸ ಕೊಡಿ. ವಿಂಡೋಸ್ 8ರಿಂದೀಚೆಗೆ ಸ್ಟೋರೇಜ್ ಸ್ಪೇಸಸ್ ಇದೆ, ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿ, ಲಿನಕ್ಸ್‌ನಲ್ಲಿ ಎಂಡಿಆಡ್ಮ್. ಯಾವುದೇ ಆಗಲಿ, ಜೋಡಿ ಮಾಡುವಾಗ ಎರಡೂ ಡಿಸ್ಕಿನಲ್ಲಿರುವುದು ಅಳಿಸಿಹೋಗುತ್ತದೆ ಎಂದುಕೊಂಡೇ ಹೊರಡಬೇಕು. ಹಳೆಯ ಮಾಹಿತಿ ಮೊದಲೇ ಬೇರೆಡೆ ಇರಲಿ.

ಡಿಸ್ಕನ್ನು ಕೇಸಿನೊಳಗೆ ಕೂರಿಸುವ ಮೊದಲು ಇನ್ನೊಂದು ಕೆಲಸವಿದೆ. ಅದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ದಪ್ಪಗೆ ಬರೆದು, ಕೇಸ್ ತೆರೆದಾಗ ಕಣ್ಣಿಗೆ ಬೀಳುವ ಬದಿಗೆ ಅಂಟಿಸಿ. ಕಂಪ್ಯೂಟರ್ ಡಿಸ್ಕ್‌ಗಳಿಗೆ ಕೊಡುವ ಹೆಸರು ಕೇಬಲ್ ಬದಲಾದರೆ ಬದಲಾಗುತ್ತದೆ, ಸೀರಿಯಲ್ ನಂಬರ್ ಬದಲಾಗುವುದಿಲ್ಲ. ಮುಂದೆ ಕೆಟ್ಟದ್ದನ್ನು ತೆಗೆಯಲು ಹೋಗಿ ಚೆನ್ನಾಗಿರುವುದನ್ನು ಕಿತ್ತುಹಾಕುವ ಅನಾಹುತವನ್ನು ಆ ಚೀಟಿ ತಪ್ಪಿಸುತ್ತದೆ.

ಲಿನಕ್ಸ್‌ನಲ್ಲಿ ಒಂದೇ ಸಾಲಿನ ಆದೇಶಕ್ಕೆ ಜೋಡಿ ಸಿದ್ಧವಾಗಿ, ಎರಡೂ ಡಿಸ್ಕನ್ನು ಸಮ ಮಾಡುವ ಕೆಲಸ ಹಿನ್ನೆಲೆಯಲ್ಲಿ ಶುರುವಾಗುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ಹಿಡಿದರೂ 4 ಟೆರಾಬೈಟಿಗೆ ಸುಮಾರು ಏಳೂವರೆ ಗಂಟೆ ಬೇಕು. ಜೋಡಿಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಕಡತ ತೆರೆದರೆ ಕೊನೆಯಲ್ಲಿ ಚೌಕ ಕಂಸದೊಳಗೆ ಎರಡು ‘ಯು’ ಅಕ್ಷರ ಕಾಣುತ್ತವೆ. ಎರಡೂ ಡಿಸ್ಕ್ ಸರಿಯಿವೆ ಎಂದರ್ಥ. ಒಂದು ಬಿದ್ದರೆ ಅದರ ‘ಯು’ ಇದ್ದಲ್ಲಿ ಅಡಿಗೆರೆ ಮೂಡುತ್ತದೆ. ಆದರೆ ಫೋಟೊಗಳು ಮೊದಲಿನಂತೆಯೇ ತೆರೆಯುತ್ತಿರುವುದರಿಂದ ಮನೆಯಲ್ಲಿ ಯಾರಿಗೂ ಗೊತ್ತೇ ಆಗದೆ ತಿಂಗಳುಗಟ್ಟಲೆ ಒಂಟಿ ಡಿಸ್ಕಿನ ಮೇಲೆ ಸಂಸಾರ ಸಾಗಬಹುದು. ಕೆಟ್ಟ ಕೂಡಲೇ ಇಮೇಲ್ ಬರುವಂತೆ ಹೊಂದಿಸುವುದನ್ನು ಈ ಕಾರಣಕ್ಕೆ ನಾಳೆಗೆ ಬಿಡಬಾರದು.

ಎಲ್ಲ ಸಿದ್ಧವಾದ ಮೇಲೆ, ಬೇರೆಡೆ ಒಂದು ಪ್ರತಿ ಇರುವಾಗಲೇ, ಕಂಪ್ಯೂಟರ್ ಆರಿಸಿ ಒಂದು ಡಿಸ್ಕಿನ ಕೇಬಲ್ ಬಿಡಿಸಿ. ಮತ್ತೆ ಚಾಲೂ ಮಾಡಿ ಫೋಟೊ ತೆರೆಯುತ್ತದೆಯೇ, ಇಮೇಲ್ ಬರುತ್ತದೆಯೇ ನೋಡಿ. ಆಮೇಲೆ ಕೇಬಲ್ ಹಾಕಿ ಡಿಸ್ಕನ್ನು ಮರಳಿ ಸೇರಿಸಿ. ಇದನ್ನು ಮಾಡಿ ನೋಡದ ರೇಡ್ ಅನ್ನು ನಾನು ನಂಬುವುದಿಲ್ಲ.

ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಯುಪಿಎಸ್ ಕೂಡ ಈ ವ್ಯವಸ್ಥೆಯ ಭಾಗವೇ. ಒಂದು ಡಿಸ್ಕಿಗೆ ಬರೆದು ಇನ್ನೊಂದಕ್ಕೆ ಬರೆಯುವಷ್ಟರಲ್ಲಿ ವಿದ್ಯುತ್ ಕಡಿದರೆ ಎರಡರ ನಡುವೆ ಹೊಂದಾಣಿಕೆ ತಪ್ಪುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಯುಪಿಎಸ್ ಮೋಡ್ ಆನ್ ಆಗಿದೆಯೇ ನೋಡಿ. ಇಲ್ಲದಿದ್ದರೆ ಅದು ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗಬಹುದು.

ಇಷ್ಟೆಲ್ಲ ಮಾಡಿದರೂ ರೇಡ್ ಬ್ಯಾಕಪ್ ಆಗುವುದಿಲ್ಲ. ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಂಡು, ಹೊಸದನ್ನು ತರಲು ಅದು ನಮಗೆ ಸಮಯ ಕೊಡುತ್ತದೆ. ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ ಬಂದರೆ ಎರಡಕ್ಕೂ ಬೀಗ. ಸಿಡಿಲು, ಕಳ್ಳತನ, ಮನೆಗೆ ನುಗ್ಗಿದ ನೀರು ಇಡೀ ಪೆಟ್ಟಿಗೆಯನ್ನೇ ಒಯ್ಯುತ್ತವೆ. 1998ರಲ್ಲಿ ಅನಿಮೇಷನ್ ಸ್ಟುಡಿಯೊ ಪಿಕ್ಸಾರ್‌ನಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ತಪ್ಪಾಗಿ ಕೊಟ್ಟ ಒಂದು ಆದೇಶಕ್ಕೆ ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು, ಬ್ಯಾಕಪ್ ಕೂಡ ಕೈಕೊಟ್ಟಿತ್ತು. ಬಾಣಂತಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಚಿತ್ರತಂಡದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಆಗ ಕಾಪಾಡಿದ್ದು.

ಹಾಗಾಗಿ ಇರುವ ದುಡ್ಡಿಗೆ ಎರಡೇ ಡಿಸ್ಕ್ ಬರುವುದಾದರೆ, ಒಂದರಲ್ಲಿ ಕೆಲಸ ಮಾಡಿ, ಇನ್ನೊಂದನ್ನು ಬ್ಯಾಕಪ್‌ಗೆ ಇಡಿ. ರೇಡ್ ಯೋಚನೆ ಮೂರನೆಯ ಡಿಸ್ಕ್ ಕೊಳ್ಳುವ ಶಕ್ತಿ ಬಂದಾಗ. ಬ್ಯಾಕಪ್ ಡಿಸ್ಕ್ ಕಂಪ್ಯೂಟರಿಗೆ ಸದಾ ಅಂಟಿಕೊಂಡಿರಬಾರದು, ಒಂದೇ ಸೂರಿನಡಿ ಇರದಿದ್ದರೆ ಇನ್ನೂ ಒಳ್ಳೆಯದು. ಬ್ಯಾಕಪ್ಪಿಗೆ ಎರಡು ಡಿಸ್ಕ್ ಇದ್ದರೆ ಒಂದನ್ನು ತಂಗಿಯ ಮನೆಯಲ್ಲೋ ಊರಿನ ಮನೆಯ ಬೀರುವಿನಲ್ಲೋ ಇಟ್ಟು, ಗೌರಿ ಹಬ್ಬಕ್ಕೋ ಯುಗಾದಿಗೋ ಹೋದಾಗ ಹೊಸ ಫೋಟೊ ತುಂಬಿದ ಡಿಸ್ಕ್ ಕೊಟ್ಟು ಹಳೆಯದನ್ನು ತನ್ನಿ. ಯಾವ ಡಿಸ್ಕಿನಲ್ಲಿ ಏನಿದೆ, ಪಾಸ್‌ವರ್ಡ್ ಏನು, ತೆರೆಯುವುದು ಹೇಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಇಟ್ಟು, ಜಾಗವನ್ನು ಇನ್ನೊಬ್ಬರಿಗೂ ತೋರಿಸಿ. ಅವರೇ ಆ ಹಾಳೆ ಓದಿಕೊಂಡು ಒಂದು ಫೋಟೊ ತೆರೆಯಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಇನ್ನೊಂದು ಸಾಲು ಸೇರಿಸಿ.